ಹೆಡ್‌ಮಾಸ್ತರರು ಬಂದಾಗ ಎದ್ದದ್ದು

ಐಟಿಯವರಿಗೆಂದು ಜರ್ಮನಿ ಆಗ ಕೊಡುತ್ತಿದ್ದ ಗ್ರೀನ್ ಕಾರ್ಡ್ ವೀಸಾದ ಮೇಲೆ ಬಂದು, ಅಲ್ಲಿನ ಶ್ವೀಬರ್ಡಿಂಗೆನ್ ಎಂಬ ಊರಿನಲ್ಲಿದ್ದ ಕಾಲ. ಮಗಳ ಸರ್ಕಾರಿ ಹೈಸ್ಕೂಲಿನಲ್ಲಿ ಪೋಷಕರ ಸಭೆ. ಶಾಲೆಯ ಹಬ್ಬದಲ್ಲಿ ತಿಂಡಿ ಅಂಗಡಿಯ ಹೊಣೆ ಯಾರು ಹೊರುತ್ತೀರಿ ಎಂದು ಟೀಚರ್ ಕೇಳಿದರು. ಒಬ್ಬರೂ ಮಿಸುಕಲಿಲ್ಲ. ಅಷ್ಟರಲ್ಲಿ ಹೆಡ್‌ಮಾಸ್ತರರು ಒಳಗೆ ಬಂದರು. ಉಡುಪಿಯ ಶಾಲೆಗಳಲ್ಲಿ ಕಲಿತ ನಾನೂ ಹೆಂಡತಿಯೂ ಥಟ್ಟನೆ ಎದ್ದು ನಿಂತೆವು. ಉಳಿದವರೆಲ್ಲ ಸಂತೋಷದಿಂದ ಮೇಜು ಕುಟ್ಟಿದರು. ಅಲ್ಲಿನ ಚಪ್ಪಾಳೆ ಅದು. ಹಬ್ಬದ ದಿನ ಇಬ್ಬರೂ ಬೆವರಿಳಿಸಿಕೊಂಡು ಗೋಳಿಬಜೆ ಕರಿದೆವು. ಹಿಟ್ಟು ಮುಗಿದರೂ ಸಾಲು ಕರಗಲಿಲ್ಲ.

ಮರುವರ್ಷ ಅದೇ ಪ್ರಶ್ನೆ, ಅದೇ ಮೌನ. ಈ ಸಲ ಯಾರು ಬಂದರೂ ಏಳುವುದಿಲ್ಲವೆಂದು ಕುರ್ಚಿಯನ್ನು ಬಿಗಿಯಾಗಿ ಹಿಡಿದು ಕೂತೆ. ಹೆಡ್‌ಮಾಸ್ತರರು ಬಂದವರೇ ಬಾಗಿಲಲ್ಲಿ ನಿಂತು ನನ್ನನ್ನೇ ನೋಡಿದರು. ಹೆಂಡತಿ ಮೊಣಕೈಯಿಂದ ತಿವಿದಳು: "ಏಳಿ ಮಾರಾಯ್ರೆ, ಪಾಪ, ಕಾಯ್ತಾ ಇದ್ದಾರೆ."