ಕಾಲಿಗ್ಯಾಕ ಆಕಾಶ?

ಸಣ್ಣ ವಿಹಾರನೌಕೆಯೊಂದರಲ್ಲಿ ಇಬ್ಬರು ಸಿಬ್ಬಂದಿ ಮಲಗುವ ಕೋಣೆಯ ನಕ್ಷೆ ಮಾಡುವ ಕೆಲಸ ನನಗೆ ಬಂದಿತ್ತು. ನಾನಿರುವುದು ಹೊಸಪೇಟೆಯಲ್ಲಿ; ನಮಗೆ ಡ್ಯಾಮೇ ಸಮುದ್ರ. ಕಂಪ್ಯೂಟರಿನಲ್ಲಿ ಎಷ್ಟು ಗುದ್ದಾಡಿದರೂ ಎರಡು ಮಂಚ ಹಿಡಿಸಿದರೆ ಬಟ್ಟೆಯ ಕಪಾಟಿಗೆ ಜಾಗವಿಲ್ಲ, ಕಪಾಟು ಇಟ್ಟರೆ ಒಬ್ಬನಿಗೆ ಮಂಚವಿಲ್ಲ. ಮರುದಿನವೇ ನಕ್ಷೆ ಕಳಿಸಬೇಕಿತ್ತು.

ಕೊನೆಗೆ ಅದನ್ನೇ ಹಿಡಿದುಕೊಂಡು ಮರಿಯಮ್ಮನಹಳ್ಳಿಯಲ್ಲಿ ಲಾರಿ ಕ್ಯಾಬಿನ್ ಕಟ್ಟುವ ಬಡಗಿಯೊಬ್ಬರ ಹತ್ತಿರ ಹೋದೆ. ಅವರು ನಕ್ಷೆ ನೋಡಿ ನಕ್ಕುಬಿಟ್ಟರು.

“ಅಲ್ರೀ ಸರ, ಮಲಗಿದವನ ಕಾಲಿನ ಮ್ಯಾಲೆ ಇಷ್ಟು ಜಾಗ ಖಾಲಿ ಬಿಟ್ಟೀರಲ್ಲ, ಕಾಲಿಗ್ಯಾಕ ಆಕಾಶ? ಕಪಾಟು ಅಲ್ಲೇ ಕುಂದರಸ್ರಿ, ಕಾಲು ಅದರ ಕೆಳಗ ಹೋಗ್ಲಿ.”

ಹಳೆಯ ಹಲಗೆಗಳನ್ನು ಜೋಡಿಸಿ ಹಾಗೆಯೇ ಮಾಡಿ ತೋರಿಸಿದರು. ನಾನು ಮಲಗಿ ನೋಡಿ, “ಭಾಳ ಚಲೋ ಐತ್ರಿ” ಎಂದು ಎದ್ದು ಕುಳಿತೆ.

“ಹಂಗಾದ್ರ ಫೇಲಾತು. ಚಲೋ ಐತಿ ಅಂತ ಎದ್ದು ಬರೋ ಡ್ರೈವರನ್ನ ನಾವು ನಂಬಂಗಿಲ್ಲ. ಗೊರಕಿ ಕೇಳಿದ ಮ್ಯಾಲೇ ಮೊಳೆ ಹೊಡಿಯೋದು. ಮತ್ತ ಮಲಗ್ರಿ.”

ಹಲಗೆಯನ್ನು ನಾಲ್ಕು ಬೆರಳು ಸರಿಸಿದರು. ನಾನು ಮತ್ತೆ ಕಾಲು ಚಾಚಿದೆ. ವಾರದ ತಲೆನೋವು ಇಳಿದಂತಾಗಿ ಮೈ ಹಗುರವಾಯಿತು. ಕಣ್ಣು ಬಿಟ್ಟಾಗ ನನಗಾಗಿ ತರಿಸಿದ್ದ ಚಹಾ ಕೆನೆಗಟ್ಟಿತ್ತು. ಬಡಗಿ ಮೊಳೆ ಹೊಡೆಯುತ್ತಿದ್ದರು.

“ಏಳ್ರಿ ಸರ, ಪಾಸಾತು.”

ನಕ್ಷೆಯ ಜೊತೆ ಕಳಿಸುವ ವರದಿಯಲ್ಲಿ ‘ಪರೀಕ್ಷಿಸಿದ ವಿಧಾನ’ ಎಂದು ಒಂದು ಕಾಲಂ ಇತ್ತು. ಗೊರಕೆ ಎಂದು ಬರೆಯಲು ಧೈರ್ಯ ಸಾಲಲಿಲ್ಲ. ‘ಸ್ಥಳದಲ್ಲೇ ಕೂಲಂಕಷವಾಗಿ ಪರಿಶೀಲಿಸಲಾಗಿದೆ’ ಎಂದು ಬರೆದೆ.