ಹನ್ನೊಂದನೇ ಪಂಜರದ ಇಲಿ

ಇಂಥದ್ದನ್ನು ಬೇರೆ ಯಾರಾದರೂ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಅಳತೆಗೆ ಸಿಗದ್ದನ್ನು ನಂಬಿದವಳಲ್ಲ. ಅಳೆಯುವುದೇ ನನ್ನ ಕೆಲಸ.

ಜೆ.ಪಿ. ನಗರದ ಒಂದು ಪ್ರಯೋಗಾಲಯದಲ್ಲಿದ್ದೇನೆ. ಜೀವಕೋಶ ಯಾವಾಗ ಒಡೆದು ಎರಡಾಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕೆಲವು ಜೀನ್‌ಗಳು ನಿರ್ಧರಿಸುತ್ತವೆ. ಅವು ಅತಿಯಾಗಿ ಚುರುಕಾದರೆ ಕೋಶಗಳು ನಿಲ್ಲುವುದನ್ನೇ ಮರೆಯುತ್ತವೆ. ಅಂಥ ಜೀನ್ ಇರುವ ಹೆಣ್ಣು ಇಲಿಗಳ ಸ್ತನದಲ್ಲಿ ಗಡ್ಡೆ ಯಾವಾಗ ಹುಟ್ಟುತ್ತದೆ ಎಂದು ವಾರಕ್ಕೊಮ್ಮೆ ತಡವಿ ನೋಡುವುದು ನನ್ನ ಕೆಲಸ. ಪಂಜರಗಳನ್ನು ನೋಡಿಕೊಳ್ಳಲು ಸರೋಜಮ್ಮ ಬೇಗೂರಿನಿಂದ ಬರುತ್ತಾರೆ.

ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದನೇ ಪಂಜರದ ಇಲಿಯ ಎಡಗಡೆ, ಮುಂಗಾಲ ಬುಡದಲ್ಲಿ, ಬಟಾಣಿಯಷ್ಟು ಗಂಟು ಬೆರಳಿಗೆ ತಗಲಿತು. ಅದು ಹೋಲಿಕೆಗೆಂದು ಇಟ್ಟಿದ್ದ, ಅಂಥ ಜೀನ್ ಇಲ್ಲದ, ಆರೋಗ್ಯವಾದ ಇಲಿ. ನಂಬಿಕೆಯಾಗದೆ ಸರೋಜಮ್ಮನನ್ನು ಕರೆದೆ. ಅವರೂ ತಡವಿದರು.

"ಹೂಂ ಮೇಡಂ, ಇದೆ. ಗಟ್ಟಿಯಾಗೇ ಇದೆ," ಅಂದರು.

ಮರುದಿನ ಸ್ಕ್ಯಾನ್ ಮಾಡಿದರೆ ಏನೂ ಇರಲಿಲ್ಲ. ಅದೇ ಇಲಿ, ಕಿವಿಯ ಗುರುತೂ ಅದೇ. ಒತ್ತಿ ಒತ್ತಿ ನೋಡಿದೆ, ಮೆತ್ತಗಿತ್ತು. ಸರೋಜಮ್ಮ ಮೂಲೆಯಲ್ಲಿ ನಿಂತು ಕೈ ತೊಳೆಯುತ್ತಲೇ ಇದ್ದರು.

ಆ ಭಾನುವಾರ ಪದ್ಮನಾಭನಗರದ ನಮ್ಮ ಮನೆಯ ತಾರಸಿಯಲ್ಲಿ ಬಟ್ಟೆ ಹರವಲು ಎಡಗೈ ಎತ್ತಿದೆ. ಕಂಕುಳ ಕೆಳಗೆ ಏನೋ ಸೆಳೆದಂತಾಯಿತು. ಮುಟ್ಟಿದೆ. ಬೆರಳಿಗೆ ಅದರ ಪರಿಚಯವಿತ್ತು. ಅದೇ ಗಾತ್ರ, ಅದೇ ಗಟ್ಟಿತನ. ಅಲ್ಲೇ ಕೂತು ಮತ್ತೆ ಮತ್ತೆ ಒತ್ತಿ ನೋಡಿದೆ. ಕೆಳಗಿನಿಂದ ಅಮ್ಮ ಕೂಗಿದಾಗಲೂ ಬೆರಳು ಅಲ್ಲೇ ಇತ್ತು.

ಬೇಗ ಬಂದಿದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಆಪರೇಷನ್ ಆಯಿತು, ಔಷಧಿಯೂ ಮುಗಿಯಿತು. ಬದುಕಿದ್ದೇನೆ. ಗಂಟು ಮೊದಲಿನಿಂದಲೂ ನನ್ನಲ್ಲಿತ್ತು, ಇಲಿಯಲ್ಲಿ ಕಂಡದ್ದು ಬರೀ ಭ್ರಮೆ ಎಂದು ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಆದರೆ ಇಬ್ಬರ ಬೆರಳಿಗೂ ಒಂದೇ ಭ್ರಮೆಯಾಗುತ್ತದೆಯೇ?

ಕೆಲಸಕ್ಕೆ ಮರಳಿದ ದಿನವೇ ಸರೋಜಮ್ಮನಿಗೆ, "ನೀವೂ ಒಂದ್ಸಲ ಡಾಕ್ಟರಿಗೆ ತೋರಿಸ್ಕೊಳ್ಳಿ, ನಾನೇ ಕರ್ಕೊಂಡು ಹೋಗ್ತೀನಿ," ಎಂದೆ.

ಅವರು ತಲೆ ಎತ್ತಲಿಲ್ಲ. "ಬೇಡ ಮೇಡಂ. ಆವತ್ತಿಂದ ನಾನು ಕಂಕುಳ ಕೆಳಗೆ ಮುಟ್ಕೊಂಡೇ ಇಲ್ಲ. ಸ್ನಾನ ಮಾಡುವಾಗ್ಲೂ."

ಈಗಲೂ ದಿನಾ ಕೇಳುತ್ತೇನೆ, ದಿನಾ ಬೇಡವೆನ್ನುತ್ತಾರೆ. ಏನೆಂದು ಧೈರ್ಯ ಹೇಳಲಿ? ಅಂದು ನಮ್ಮ ಬೆರಳಿಗೆ ಸಿಕ್ಕಿದ್ದು ಏನೆಂದು ನನಗೇ ಇನ್ನೂ ತಿಳಿದಿಲ್ಲ.