ಗಿರಣಿಗೆ ಆರಿಸಿದ ಭಾಷೆ

ಸಿಂಧನೂರಿನಲ್ಲಿ ನಮ್ಮದೊಂದು ಸಣ್ಣ ಸಾಫ್ಟ್‌ವೇರ್ ಆಫೀಸು. ಗಿರಾಕಿಗಳನ್ನು ಹಿಡಿದು ತರುವುದು ನನ್ನ ಗಂಡನ ಕೆಲಸ, ಕೋಡ್ ಬರೆಯುವುದು ನನ್ನದು.

ಒಮ್ಮೆ ಅಕ್ಕಿ ಗಿರಣಿಯ ಸಾಹುಕಾರರೊಬ್ಬರು ನಮ್ಮಿಬ್ಬರನ್ನೂ ಕರೆಸಿದರು. ಗಿರಣಿ ಇಲ್ಲೇ, ಅಕ್ಕಿ ಮಾರುವ ಅಂಗಡಿ ಮಾತ್ರ ಲಿಂಗಸುಗೂರಿನಲ್ಲಿ. ಭತ್ತದ ಟ್ರ್ಯಾಕ್ಟರ್ ಕಾಟಾದ ಮೇಲೆ ನಿಂತ ಕೂಡಲೇ ತೂಕ ಕಂಪ್ಯೂಟರಿಗೆ ಬರಬೇಕು, ರೈತನಿಗೆ ಕನ್ನಡದಲ್ಲಿ ಚೀಟಿ ಸಿಗಬೇಕು ಎಂದರು. ಪಿಎಚ್‌ಪಿಯಲ್ಲಿ ಮಾಡೋಣ ಎಂದೆ. ಕೋಡ್ ಬರೆಯುವ ಹಳೆಯ ಭಾಷೆ ಅದು, ಆದರೆ ಈ ಕೆಲಸಕ್ಕೆ ಧಾರಾಳ ಸಾಕು. ಅದನ್ನು ಬಲ್ಲವರು ಇಲ್ಲಿಯ ಕಾಲೇಜುಗಳಿಂದಲೇ ಸಿಗುತ್ತಾರೆ, ನಾಳೆ ನಾವಿಲ್ಲದಿದ್ದರೂ ಕೆಲಸ ನಿಲ್ಲುವುದಿಲ್ಲ ಎಂದು ಬಿಡಿಸಿ ಹೇಳಿದೆ.

ಸಾಹುಕಾರರ ಅಳಿಯ ಹೈದರಾಬಾದಿನಿಂದ ಬಂದು ಕೂತಿದ್ದ. ಅಲ್ಲಿ ಈಗ ಎಲ್ಲರ ಬಾಯಲ್ಲೂ ರಸ್ಟ್ ಭಾಷೆಯ ಹೆಸರೇ, ಪಿಎಚ್‌ಪಿ ಸತ್ತುಹೋಗಿದೆ ಎಂದ. ಸಾಹುಕಾರರು ನನ್ನ ಗಂಡನ ಮುಖ ನೋಡಿದರು. ಆ ಭಾಷೆಯಲ್ಲಿ ನನ್ನ ಗಂಡ ಒಂದು ಸಾಲೂ ಬರೆದವರಲ್ಲ. ನನಗೂ ಅದು ಬರುತ್ತಿರಲಿಲ್ಲ.

"ಅದರಾಗs ಮಾಡೂಣ್ರಿ, ಏನ್ ದೊಡ್ಡದಲ್ಲ," ಎಂದುಬಿಟ್ಟರು ಗಂಡ.

ಸುಗ್ಗಿಯ ಹೊತ್ತಿಗೆ ಕೆಟ್ಟು ನಿಂತರೆ ಇಲ್ಲಿ ಸರಿಮಾಡುವವರು ಯಾರು ಎಂದು ನಾನು ಕೇಳಿದೆ. ಅವರು ನನ್ನ ಕಡೆ ತಿರುಗಲೂ ಇಲ್ಲ.

"ನೀ ಸುಮ್ಕಿರು. ನಾ ಮಾತಾಡಾಕತ್ತೀನಿ."

ಅಳಿಯ ನಕ್ಕ.

ಅಳಿಯನ ಪರಿಚಯದವನೊಬ್ಬ ಹೈದರಾಬಾದಿನಲ್ಲೇ ಕೂತು ಬರೆದುಕೊಟ್ಟ. ಮೊದಮೊದಲು ಚೆನ್ನಾಗಿಯೇ ಓಡಿತು. ಆಮೇಲೆ ಅವನು ಬೇರೆ ನೌಕರಿ ಹಿಡಿದು ಫೋನ್ ಎತ್ತುವುದನ್ನೇ ಬಿಟ್ಟ. ಅದೇ ಸುಗ್ಗಿಯಲ್ಲಿ ಗಿರಣಿಯವರು ಹಸಿ ಭತ್ತದ ತೇವಕ್ಕೆಂದು ತೂಕ ಮುರಿದುಕೊಳ್ಳುವ ಲೆಕ್ಕ ಬದಲಿಸಿದರು. ಕೋಡ್ ಬರೆದವನಿಗೆ ಅದನ್ನು ತಿದ್ದುವುದು ಗಳಿಗೆಯ ಕೆಲಸ. ಮುಟ್ಟುವವರಿಲ್ಲದೆ ಚೀಟಿಗಳು ಹಳೆಯ ಲೆಕ್ಕದಲ್ಲೇ ಬರತೊಡಗಿದವು, ಒಳಗೆ ಗುಮಾಸ್ತರು ಹೊಸ ಲೆಕ್ಕದ ತೂಕ ಹೇಳುತ್ತಿದ್ದರು. ಗೊರೇಬಾಳದ ಕಡೆಯ ಟ್ರ್ಯಾಕ್ಟರುಗಳು ರಸ್ತೆಯವರೆಗೆ ನಿಂತವು. ಲಿಂಗಸುಗೂರಿನಲ್ಲಿ ಜರೂರು ಕೆಲಸವಿದೆ ಎಂದು ಹೇಳಿ ಗಂಡ ಗಾಡಿ ಹತ್ತಿದರು. ಗಿರಣಿಗೆ ನಾನೊಬ್ಬಳೇ ಹೋದೆ.

ಕಂಪ್ಯೂಟರ್ ಇಟ್ಟು ಮೋಸ ಮಾಡುತ್ತಿದ್ದೀರಿ ಎಂದು ರೈತರು ಸುತ್ತುವರಿದರು. ವಯಸ್ಸಾದವರೊಬ್ಬರು ಮಾತ್ರ ಮೆಲ್ಲಗೆ ಕೇಳಿದರು:

"ತಂಗೀ, ಇದನ್ನ ತಂದು ಹಾಕಿದವ್ರು ಯಾರು?"

"ನಾವs ರೀ," ಎಂದೆ. ಬೇರೆ ಏನು ಹೇಳಲಿ?

ಆ ಸುಗ್ಗಿಯೆಲ್ಲ ಕೈಬರಹದ ಚೀಟಿಯಲ್ಲೇ ಹೋಯಿತು. ಅಷ್ಟರಲ್ಲಿ ನಾನು ಇಡೀ ಕೆಲಸವನ್ನು ಪಿಎಚ್‌ಪಿಯಲ್ಲಿ ಹೊಸದಾಗಿ ಬರೆದೆ. ಈಗಲೂ ಅದೇ ನಡೆಯುತ್ತಿದೆ.

ಮುಂದೆ ಸಾಹುಕಾರರು ಮಸ್ಕಿಯಲ್ಲೂ ಅಂಗಡಿ ತೆರೆದರು. ಪೂಜೆಯ ದಿನ ನನ್ನ ಗಂಡನಿಗೆ ಶಾಲು ಹೊದಿಸಿ, ಹೊತ್ತಿಗೆ ಸರಿಯಾಗಿ ಭಾಷೆ ಬದಲಿಸಿ ಗಿರಣಿಯ ಮಾನ ಉಳಿಸಿದವರು ಇವರೇ ಎಂದು ಹತ್ತು ಮಂದಿಯ ಮುಂದೆ ಹೊಗಳಿದರು. ನಾನು ಹೆಂಗಸರ ನಡುವೆ ಕೂತಿದ್ದೆ. ಬರೆದದ್ದು ನಾನೆಂದು ಈಗಲಾದರೂ ಒಂದು ಮಾತು ಹೇಳುತ್ತಾರೇನೋ ಎಂದು ಗಂಡನನ್ನೇ ನೋಡುತ್ತಿದ್ದೆ. ಅವರು ಕೈಮುಗಿದು ಕೂತುಬಿಟ್ಟರು. ಊಟಕ್ಕೆ ಏಳುವಾಗ ಆ ಶಾಲನ್ನು ಮಡಚಿಡು ಎಂದು ನನ್ನ ಕೈಗೇ ಕೊಟ್ಟರು. ಮಡಚಿದೆ.

ಮಾರನೆಯ ತಿಂಗಳು ಮಸ್ಕಿಯಲ್ಲಿ ನನ್ನದೇ ಆಫೀಸಿಗೆಂದು ಒಂದು ಕೋಣೆ ಬಾಡಿಗೆಗೆ ಹಿಡಿದೆ. ದಿನಾ ಬಸ್ಸಿಗೆ ಹೋಗಿ ಬರುತ್ತೇನೆ, ಅಲ್ಲಿಯ ಗಿರಾಕಿಗಳೊಂದಿಗೆ ನಾನೇ ಮಾತಾಡುತ್ತೇನೆ. ಮನೆಯಲ್ಲಿ ಇಬ್ಬರೂ ಒಟ್ಟಿಗೆ ಕೂತು ಉಣ್ಣುತ್ತೇವೆ. ಕೆಲಸದ ಮಾತು ಅವರೂ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.